ಕೆನಡಾದ ‘ರೆಸಿಡೆನ್ಶಿಯಲ್ ಸ್ಕೂಲ್’ ಲೇಖನದ ಕರಡು: ಒಂದು ಪ್ಯಾರಾ, ಎಷ್ಟು ತಪ್ಪು?

#1 ಕಡತದಹುಳು

ಕೆನಡಾದ ಮೂಲನಿವಾಸಿ ಮಕ್ಕಳ ರೆಸಿಡೆನ್ಶಿಯಲ್ ಸ್ಕೂಲುಗಳ ಬಗ್ಗೆ ವಿಶ್ವಕೋಶ ಮಾದರಿಯ ಕನ್ನಡ ಲೇಖನವೊಂದರ ಕರಡು ತಯಾರಿದೆ. ಪ್ರಕಟವಾಗುವ ಮೊದಲು ಇಲ್ಲಿನ ಬಲ್ಲವರು ಜರಡಿ ಹಿಡಿಯಲಿ ಅಂತ ಹಾಕ್ತಿದ್ದೇನೆ. ಮೊದಲ ಪ್ಯಾರಾ ಹೀಗಿದೆ:

“1876ರ ಇಂಡಿಯನ್ ಕಾಯ್ದೆಯಡಿ ಕೆನಡಾ ಸರ್ಕಾರ ತೆರೆದ 139 ವಸತಿ ಶಾಲೆಗಳಿಗೆ 1.5 ಲಕ್ಷ ಮಕ್ಕಳನ್ನು ಕಡ್ಡಾಯವಾಗಿ ಸೇರಿಸಲಾಯಿತು. ‘ಮಗುವಿನೊಳಗಿನ ಇಂಡಿಯನ್ನನನ್ನು ಕೊಲ್ಲು’ ಎಂಬುದು ಅಧಿಕಾರಿ ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್‌ನ ಘೋಷಣೆಯಾಗಿತ್ತು. ಶಾಲೆ ಸೇರಿದವರಲ್ಲಿ ಶೇ. 24 ಮಕ್ಕಳು ಸತ್ತರು. 2021ರಲ್ಲಿ ಕ್ಯಾಮ್‌ಲೂಪ್ಸ್‌ನಲ್ಲಿ 215 ಮಕ್ಕಳ ಅಸ್ಥಿಪಂಜರ ದೊರೆತವು. ಕೊನೆಯ ಶಾಲೆ 1996ರಲ್ಲಿ ಮುಚ್ಚಿತು.”

ಎಲ್ಲೆಲ್ಲಿ ಎಡವಿದೆ, ಮುಲಾಜಿಲ್ಲದೆ ಹೇಳಿ.

#2 ಗ್ರ್ಯಾಂಡ್‌ರಿವರ್

ಐದು ವಾಕ್ಯ, ಐದರಲ್ಲೂ ಕಲ್ಲು. ಒಂದೊಂದಾಗಿ ಆರಿಸೋಣ. ಮೊದಲನೆಯದು ನನ್ನ ಪಾಲಿಗಿರಲಿ.

1876ರ ಕಾಯ್ದೆಯಿಂದ ಶಾಲೆಗಳು ಹುಟ್ಟಲಿಲ್ಲ. ಒಂಟಾರಿಯೊದ ಬ್ರ್ಯಾಂಟ್‌ಫರ್ಡ್‌ನ ಮೊಹಾಕ್ ಇನ್‌ಸ್ಟಿಟ್ಯೂಟ್ 1828ರಲ್ಲೇ ಶುರುವಾಗಿ 1831ರಿಂದ ಮಕ್ಕಳನ್ನು ಇರಿಸಿಕೊಂಡಿತು, 1970ರವರೆಗೆ ನಡೆಯಿತು. ಅದನ್ನು ನಡೆಸಿದ್ದು ಆಂಗ್ಲಿಕನ್ ಮಿಷನ್. ಸರ್ಕಾರ ಕೈಹಾಕಿದ್ದು ಬಹಳ ಆಮೇಲೆ. 1879ರಲ್ಲಿ ನಿಕೋಲಸ್ ಫ್ಲಡ್ ಡೇವಿನ್ ಎಂಬುವನನ್ನು ಅಮೆರಿಕದ ಇಂಡಸ್ಟ್ರಿಯಲ್ ಶಾಲೆಗಳನ್ನು ನೋಡಿಕೊಂಡು ಬಾ ಅಂತ ಕಳಿಸಿತು. ಅವನ ವರದಿಯ ಮೇಲೆ 1883–84ರಲ್ಲಿ ಬ್ಯಾಟಲ್‌ಫರ್ಡ್, ಕ್ವಾಪೆಲ್, ಹೈ ರಿವರ್ ಈ ಮೂರು ಕಡೆ ಸರ್ಕಾರಿ ದುಡ್ಡಿನ ಶಾಲೆಗಳು ಬಂದವು. ಆಡಳಿತ ಮಾತ್ರ ಚರ್ಚಿನ ಕೈಯಲ್ಲೇ.

ಆದ್ದರಿಂದ ‘ಸರ್ಕಾರ ತೆರೆದ’ ಅನ್ನೋದೂ ಸರಿಯಿಲ್ಲ, ‘ಚರ್ಚ್ ತೆರೆದ’ ಅನ್ನೋದೂ ಸರಿಯಿಲ್ಲ. ‘ಸರ್ಕಾರದ ಹಣ, ಚರ್ಚಿನ ಆಡಳಿತ’ ಅಂತ ಬರೆಯಿರಿ. 1930ರಲ್ಲಿ ನಡೆಯುತ್ತಿದ್ದ 80 ಶಾಲೆಗಳಲ್ಲಿ 44 ಕ್ಯಾಥೊಲಿಕ್, 21 ಆಂಗ್ಲಿಕನ್, 13 ಯುನೈಟೆಡ್ ಚರ್ಚ್, 2 ಪ್ರೆಸ್ಬಿಟೇರಿಯನ್. ಚರ್ಚುಗಳ ಜೊತೆಗಿನ ಈ ಪಾಲುದಾರಿಕೆ ಮುಗಿದದ್ದು 1969ರಲ್ಲಿ.

1.5 ಲಕ್ಷ ಅನ್ನೋದು ನೂರಕ್ಕೂ ಹೆಚ್ಚು ವರ್ಷಗಳ ಒಟ್ಟು ಅಂದಾಜು. ಓದುಗರು ಅದನ್ನು ಒಂದೇ ಕಾಲದ ಸಂಖ್ಯೆ ಅಂದುಕೊಳ್ಳುತ್ತಾರೆ. ಒಂದೇ ವರ್ಷದಲ್ಲಿ ಅತಿ ಹೆಚ್ಚು ಮಕ್ಕಳಿದ್ದದ್ದು 1956–57ರಲ್ಲಿ, 11,539. ಎರಡನ್ನೂ ಪಕ್ಕಪಕ್ಕ ಕೊಡಿ.

#3 ಪದಜಿಜ್ಞಾಸು

ಅಂಕಿಗೂ ಮೊದಲು ಪದದ ಪಂಚಾಯಿತಿ. ‘ವಸತಿ ಶಾಲೆ’ ಅಂದ ಕೂಡಲೇ ಕನ್ನಡದ ಓದುಗನಿಗೆ ಕಣ್ಮುಂದೆ ಬರೋದು ಮೊರಾರ್ಜಿ ದೇಸಾಯಿ ಶಾಲೆ, ನವೋದಯ. ಅಪ್ಪ-ಅಮ್ಮ ಅರ್ಜಿ ಹಿಡಿದು, ಮಗುವನ್ನು ಪ್ರವೇಶ ಪರೀಕ್ಷೆಗೆ ತಯಾರು ಮಾಡಿ, ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದರೆ ಸಿಹಿ ಹಂಚುವ ಶಾಲೆ. ಅದೇ ಪದವನ್ನು ಪೊಲೀಸರು ಬಂದು ಮಗುವನ್ನು ಕರೆದೊಯ್ದ ಶಾಲೆಗೂ ಇಟ್ಟರೆ ಅರ್ಥ ತಲೆಕೆಳಗಾಗುತ್ತದೆ. ‘ರೆಸಿಡೆನ್ಶಿಯಲ್ ಸ್ಕೂಲ್’ ಅಂತಲೇ ಇಟ್ಟು, ಮೊದಲ ಸಲ ಬಂದಾಗ ವಿವರಿಸೋದು ಲೇಸು.

ಇನ್ನೊಂದು ‘ಇಂಡಿಯನ್’. ‘ಇಂಡಿಯನ್ ಏಜೆಂಟ್’ ಅನ್ನೋದನ್ನು ‘ಭಾರತೀಯ ಪ್ರತಿನಿಧಿ’ ಅಂತ ಯಾರಾದರೂ ತಿದ್ದುವ ಮೊದಲೇ ಅಡಿಟಿಪ್ಪಣಿ ಹಾಕಿ: ಮೂಲನಿವಾಸಿಗಳ ಮೀಸಲು ಪ್ರದೇಶದ ಮೇಲೆ ಒಟ್ಟಾವಾ ನೇಮಿಸಿದ ಅಧಿಕಾರಿ, ರೇಷನ್ ಹಂಚುವವನೂ ಅವನೇ, ಮಕ್ಕಳನ್ನು ಶಾಲೆಗೆ ದೂಡುವವನೂ ಅವನೇ. ಕೆನಡಾದ 1982ರ ಸಂವಿಧಾನದಲ್ಲಿ ಮೂಲನಿವಾಸಿಗಳು ಅಂದರೆ ಮೂರು ಗುಂಪು: ಇಂಡಿಯನ್ (ಈಗ ಫಸ್ಟ್ ನೇಷನ್ಸ್ ಅಂತಾರೆ), ಇನುಯಿಟ್, ಮೆಟಿ. ಮೂರಕ್ಕೂ ಸೇರಿಸಿ ‘ಬುಡಕಟ್ಟು’ ಅಂತ ಬರೆದರೆ ಕೆಡುತ್ತದೆ.

#4 ಧಾರವಾಡಫೇಡೆ

ಅಲ್ರೀ, ಅಷ್ಟ್ಯಾಕ ಸುತ್ತು ಬಳಸ್ತೀರಿ? ‘ಕಡ್ಡಾಯ ವಸತಿ ಶಾಲೆ’ ಅಂದ್ರ ಮುಗೀತಲ್ಲ.

#5 ಗ್ರ್ಯಾಂಡ್‌ರಿವರ್

ಮುಗಿಯಲ್ಲ ಸರ್, ಅಲ್ಲೇ ಸಿಕ್ಕು. ಕಾನೂನು ಹೆಜ್ಜೆಹೆಜ್ಜೆಯಾಗಿ ಬಿಗಿಯಾಯಿತು. 1894ರ ನಿಯಮಗಳು ಏಜೆಂಟರಿಗೆ ಮಕ್ಕಳನ್ನು ಶಾಲೆಗೆ ಹಾಕುವ ಅಧಿಕಾರ ಕೊಟ್ಟವು. 1920ರ ತಿದ್ದುಪಡಿ 7ರಿಂದ 15 ವಯಸ್ಸಿನವರಿಗೆ ಹಾಜರಿ ಕಡ್ಡಾಯ ಮಾಡಿತು. ತಪ್ಪಿದರೆ ತಂದೆತಾಯಿಗೆ 2 ಡಾಲರ್‌ವರೆಗೆ ದಂಡ ಅಥವಾ 10 ದಿನದವರೆಗೆ ಜೈಲು. 1933ರಲ್ಲಿ ಆರ್‌ಸಿಎಂಪಿ ಎಂಬ ಫೆಡರಲ್ ಪೊಲೀಸರನ್ನೇ ಹಾಜರಿ ಅಧಿಕಾರಿಗಳನ್ನಾಗಿ ಮಾಡಲಾಯಿತು.

ಆದರೆ ಕಾಯ್ದೆ ಕಡ್ಡಾಯ ಮಾಡಿದ್ದು ‘ಶಾಲೆ’ಯನ್ನು. ಡೇ ಸ್ಕೂಲ್ (ಮನೆಯಿಂದಲೇ ಹೋಗಿಬರುವ ಶಾಲೆ) ಕೂಡ ಅದರಲ್ಲಿ ಬರುತ್ತದೆ. ಇಲ್ಲೇ ಇರೋದು ಕರಾಮತ್ತು: ಹತ್ತಿರ ಡೇ ಸ್ಕೂಲ್ ಇಲ್ಲದ ಕಡೆ ಇಡೀ ಕಾನೂನು ಮಗುವನ್ನು ನೂರಾರು ಮೈಲಿ ದೂರದ ರೆಸಿಡೆನ್ಶಿಯಲ್ ಸ್ಕೂಲಿಗೇ ದೂಡುತ್ತಿತ್ತು. ನೋಡಿಕೊಂಡು ಬರೋಣ ಅಂದರೆ 1885ರಿಂದ ಪ್ರೇರಿ ಭಾಗದಲ್ಲಿ (ಪಶ್ಚಿಮದ ಹುಲ್ಲುಗಾವಲು ಬಯಲು) ‘ಪಾಸ್’ ಪದ್ಧತಿ. ಮೀಸಲು ಪ್ರದೇಶ ಬಿಟ್ಟು ಹೊರಡಲು ಏಜೆಂಟನ ಚೀಟಿ ಬೇಕು. ಈ ಪಾಸಿಗೆ ಯಾವ ಕಾಯ್ದೆಯ ಬೆಂಬಲವೂ ಇರಲಿಲ್ಲ, ಆದರೂ ದಶಕಗಟ್ಟಲೆ ನಡೆಯಿತು. ‘ಕಡ್ಡಾಯವಾಗಿ ಸೇರಿಸಲಾಯಿತು’ ಎಂಬ ಎರಡು ಪದದಲ್ಲಿ ಇದೆಲ್ಲ ಮುಚ್ಚಿಹೋಗುತ್ತದೆ.

#6 ಆಡಿಟ್ ಅನಂತು

ಲೇಖನದ ಉಳಿದ ಭಾಗದಲ್ಲಿ ದುಡ್ಡಿನ ಮಾತೇ ಇಲ್ಲದಿದ್ದರೆ ಏನೂ ಬರೆದಂತಾಗಲ್ಲ. ಹಸಿವು, ಕ್ಷಯ, ಬೆಂಕಿ, ಕೂಲಿ ಇವೆಲ್ಲದರ ಬೇರು ಒಂದೇ ಲೆಡ್ಜರಿನಲ್ಲಿದೆ.

1892ರಿಂದ ಸರ್ಕಾರ ‘ತಲೆಗಿಷ್ಟು’ ಅಂತ ಅನುದಾನ ಕೊಡಲು ಶುರುಮಾಡಿತು. ಶಾಲೆಗೊಂದು ಮಂಜೂರಾತಿ ಸಂಖ್ಯೆ, ಆ ಸಂಖ್ಯೆಯವರೆಗೆ ಇದ್ದ ಪ್ರತಿ ಮಗುವಿಗೆ ವರ್ಷಕ್ಕೆ ಇಂತಿಷ್ಟು ಡಾಲರ್. ಊಟ, ಬಟ್ಟೆ, ಸೌದೆ, ಸಿಬ್ಬಂದಿ ಸಂಬಳ ಬಹುಪಾಲು ಅದರಲ್ಲೇ ಆಗಬೇಕು. ಇದನ್ನು ಸರ್ಕಾರ ಮಾಡಿದ್ದೇ ಖರ್ಚು ಉಳಿಸಲು. ಈಗ ಪ್ರಿನ್ಸಿಪಾಲನ ಕುರ್ಚಿಯಲ್ಲಿ ಕೂತು ಲೆಕ್ಕ ಹಾಕಿ. ಒಂದು ಹಾಸಿಗೆ ಖಾಲಿ ಬಿದ್ದರೆ ಆ ತಲೆಯ ದುಡ್ಡು ಹೋಯಿತು, ಒಲೆಗೆ ಹಾಕುವ ಕಲ್ಲಿದ್ದಲು ಮಾತ್ರ ಅಷ್ಟೇ ಬೇಕು. ಹಾಗಾಗಿ ಕೆಮ್ಮುವ ಮಗುವನ್ನೂ ಸೇರಿಸಿಕೊಳ್ಳುತ್ತಾನೆ. ಬಿಡುಗಡೆಯ ವಯಸ್ಸಾದ ದುಡಿಯುವ ಹುಡುಗನನ್ನು ಕಳಿಸಲು ತಡಮಾಡುತ್ತಾನೆ. ಪಕ್ಕದ ಊರಿನ ಕ್ಯಾಥೊಲಿಕ್ ಶಾಲೆಯೂ ಆಂಗ್ಲಿಕನ್ ಶಾಲೆಯೂ ಒಂದೇ ಮೀಸಲು ಪ್ರದೇಶದ ಮಕ್ಕಳಿಗಾಗಿ ಕಿತ್ತಾಡುತ್ತವೆ. ಇದ್ಯಾವುದೂ ಯಾರೋ ಒಬ್ಬ ಕೆಟ್ಟವನ ಚಾಳಿಯಲ್ಲ, ಅನುದಾನದ ಸೂತ್ರವೇ ಮಾಡಿಸುತ್ತಿದ್ದ ಕೆಲಸ.

ಒಂದು ಹೋಲಿಕೆ ಸಾಕು. 1937ರಲ್ಲಿ ರೆಸಿಡೆನ್ಶಿಯಲ್ ಸ್ಕೂಲಿನ ಮಗುವಿಗೆ ಸರಾಸರಿ ವರ್ಷಕ್ಕೆ 180 ಡಾಲರ್. ಅದೇ ಕಾಲಕ್ಕೆ ಮ್ಯಾನಿಟೋಬಾದ ಕಿವುಡರ ಶಾಲೆಯಲ್ಲಿ ತಲೆಗೆ 642 ಡಾಲರ್ 40 ಸೆಂಟ್, ಹುಡುಗರ ಸುಧಾರಣಾ ಶಾಲೆಯಲ್ಲಿ 550 ಡಾಲರ್. 365ರಿಂದ ಭಾಗಿಸಿ: ಮೂಲನಿವಾಸಿ ಮಗುವಿಗೆ ದಿನಕ್ಕೆ 49 ಸೆಂಟ್, ಕಿವುಡರ ಶಾಲೆಯ ಮಗುವಿಗೆ 1 ಡಾಲರ್ 76 ಸೆಂಟ್.

ಆ ಕೊರತೆ ತುಂಬಿದ್ದು ಮಕ್ಕಳ ಕೈ. ‘ಅರ್ಧ ದಿನ’ ಪದ್ಧತಿಯಲ್ಲಿ ಅರ್ಧ ದಿನ ಪಾಠ, ಅರ್ಧ ದಿನ ಕೆಲಸ. ಕಾಗದದ ಮೇಲೆ ಅದರ ಹೆಸರು ‘ಕಸುಬಿನ ತರಬೇತಿ’. ನಡೆದದ್ದು ಹೊಲ, ಹಸು, ಸೌದೆ, ಲಾಂಡ್ರಿ, ಹೊಲಿಗೆ. ಬಟ್ಟೆ ಒಗೆಯೋದನ್ನು ಎಷ್ಟು ವರ್ಷ ಕಲಿಯೋದು? 1930ರಲ್ಲಿ ಮೂಲನಿವಾಸಿ ವಿದ್ಯಾರ್ಥಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು 1ರಿಂದ 3ನೇ ತರಗತಿಯಲ್ಲೇ ಇದ್ದರು. ಅರ್ಧ ದಿನ ಪದ್ಧತಿ ಹೋಗಿದ್ದು 1950ರ ದಶಕದ ಆರಂಭದಲ್ಲಿ, ತಲೆಲೆಕ್ಕದ ಅನುದಾನ 1957ರಲ್ಲಿ.

#7 ಧಾರವಾಡಫೇಡೆ

ಲೆಕ್ಕ ಛಲೋ ಅದ. ಆದ್ರ ಎಲ್ಲಾ ಸೂತ್ರದ ಮ್ಯಾಲೆ ಹಾಕಿದ್ರ ಹೊಡದವ್ರು, ಕೆಡಿಸಿದವ್ರು ಬಚಾವ್ ಆಗ್ತಾರಲ್ರೀ. ಒಂಟಾರಿಯೊದ ಸೇಂಟ್ ಆನ್ಸ್ ಶಾಲ್ಯಾಗ ಮಕ್ಕಳನ್ನ ಕೂಡಿಸಿ ಶಾಕ್ ಕೊಡೋ ಕುರ್ಚಿ ಮಾಡಿ ಇಟ್ಟಿದ್ರು. ಅದಕ್ಕ ಯಾವ ಅನುದಾನದ ಸೂತ್ರ?

#8 ಆಡಿಟ್ ಅನಂತು

ಒಪ್ಪಿದೆ. ಸೂತ್ರ ಹಸಿವನ್ನು ವಿವರಿಸುತ್ತದೆ, ಆ ಕುರ್ಚಿಯನ್ನಲ್ಲ. ದೈಹಿಕ, ಲೈಂಗಿಕ ದೌರ್ಜನ್ಯದ ಪರಿಹಾರಕ್ಕೆಂದೇ ನಡೆದ ಸ್ವತಂತ್ರ ವಿಚಾರಣೆಗೆ 38,000ಕ್ಕೂ ಹೆಚ್ಚು ಅರ್ಜಿ ಬಂದವು. ಲೇಖನದಲ್ಲಿ ಅದಕ್ಕೆ ಬೇರೆಯೇ ವಿಭಾಗ ಬೇಕು, ಹಣದ ವಿಭಾಗದೊಳಗೆ ತುರುಕಬಾರದು.

#9 ಸಿರಿಧಾನ್ಯ

ಅಡುಗೆಮನೆಯ ವಿಷಯಕ್ಕೆ ಎರಡು ಮಾತು. ಮೊಹಾಕ್ ಇನ್‌ಸ್ಟಿಟ್ಯೂಟಿಗೆ ಮಕ್ಕಳು ಇಟ್ಟ ಅಡ್ಡಹೆಸರು ‘ಮಶ್ ಹೋಲ್’. ಮಶ್ ಅಂದರೆ ತೆಳ್ಳನೆಯ ಗಂಜಿ. ದಿನಾ ಅದೇ. ಶಾಲೆಯ ಹಸುವಿನ ಹಾಲಿನ ಕೆನೆ ತೆಗೆದು ಬೆಣ್ಣೆ ಮಾಡಿ ಮಾರಿ, ಮಕ್ಕಳಿಗೆ ನೀರುಹಾಲು ಕೊಟ್ಟ ಉದಾಹರಣೆಗಳು ಹಲವು ಶಾಲೆಗಳಿಂದ ಬಂದಿವೆ.

ಇದಕ್ಕಿಂತ ಘೋರವಾದದ್ದು 1948ರಿಂದ 1952ರವರೆಗೆ ಆರು ಶಾಲೆಗಳ ಸುಮಾರು 1,000 ಮಕ್ಕಳ ಮೇಲೆ ನಡೆದ ಪೋಷಣೆಯ ಪ್ರಯೋಗ. ಮುಂದಾಳು ಫೆಡರಲ್ ಸರ್ಕಾರದ ಪೋಷಣಾ ವಿಭಾಗದ ಲಯೊನೆಲ್ ಪೆಟ್. ಮಕ್ಕಳು ಅರೆಹೊಟ್ಟೆಯಲ್ಲಿದ್ದಾರೆ ಅಂತ ಮೊದಲೇ ಗೊತ್ತಿತ್ತು. ಊಟ ಹೆಚ್ಚಿಸುವ ಬದಲು ಆ ಹಸಿವನ್ನೇ ಪ್ರಯೋಗಾಲಯ ಮಾಡಿಕೊಂಡರು. ಬ್ರಿಟಿಷ್ ಕೊಲಂಬಿಯಾದ ಅಲ್ಬರ್ನಿಯಲ್ಲಿ ಮಗುವಿಗೆ ದಿನಕ್ಕೆ 8 ಔನ್ಸ್ (ಸುಮಾರು 230 ಮಿ.ಲೀ.) ಹಾಲು. ಸಾಲದು ಅಂತ ಗೊತ್ತಿದ್ದೂ ಎರಡು ವರ್ಷ ಅಷ್ಟಕ್ಕೇ ಹಿಡಿದಿಟ್ಟು, ಆಮೇಲೆ 24 ಔನ್ಸಿಗೆ ಏರಿಸಿ ವ್ಯತ್ಯಾಸ ಅಳೆದರು. ಶೂಬೆನಕಾಡಿಯಲ್ಲಿ ಅರ್ಧ ಮಕ್ಕಳಿಗೆ ವಿಟಮಿನ್ ಸಿ ಮಾತ್ರೆ, ಇನ್ನರ್ಧಕ್ಕೆ ಸುಮ್ಮನೆ ಹುಸಿ ಮಾತ್ರೆ. ಸೇಂಟ್ ಮೇರೀಸ್‌ನಲ್ಲಿ ಪೋಷಕಾಂಶ ಬೆರೆಸಿದ ಹಿಟ್ಟು ಕೊಟ್ಟರು. ರಕ್ತಹೀನತೆ ಇಳಿಯೋದಿರಲಿ, ಏರಿತು. ಒಸಡಿನ ಸ್ಥಿತಿ ಒಂದು ಅಳತೆಗೋಲಾಗಿದ್ದರಿಂದ ಫಲಿತಾಂಶ ಕೆಡಬಾರದು ಅಂತ ಹಲ್ಲಿನ ಚಿಕಿತ್ಸೆಯನ್ನೂ ತಡೆದರು. ತಂದೆತಾಯಿಯ ಒಪ್ಪಿಗೆ ಕೇಳಿದವರಿಲ್ಲ. ಇದು ಎಲ್ಲರ ಗಮನಕ್ಕೆ ಬಂದದ್ದು 2013ರಲ್ಲಿ, ಇತಿಹಾಸಕಾರ ಇಯಾನ್ ಮಾಸ್ಬಿಯವರ ಸಂಶೋಧನಾ ಲೇಖನದಿಂದ.

#10 ಗ್ರ್ಯಾಂಡ್‌ರಿವರ್

ಬೆಂಕಿಯನ್ನೂ ಸೇರಿಸಿ. ಕನಿಷ್ಠ 53 ಶಾಲಾ ಕಟ್ಟಡಗಳು ಸುಟ್ಟು ನಾಶವಾದವು, ಕನಿಷ್ಠ 40 ಮಕ್ಕಳು ಬೆಂಕಿಯಲ್ಲಿ ಸತ್ತರು. 1927ರಲ್ಲಿ ಬೋವಾಲ್‌ನಲ್ಲಿ 19 ಹುಡುಗರು, ಒಬ್ಬ ಸನ್ಯಾಸಿನಿ. 1930ರಲ್ಲಿ ಕ್ರಾಸ್ ಲೇಕ್‌ನಲ್ಲಿ 12 ಮಕ್ಕಳು. ಮರದ ಕಟ್ಟಡ, ಒಲೆ, ದೂರದ ನೀರು ಇವೆಲ್ಲ ಸರಿ. ಆದರೆ ತಪ್ಪಿಸಿಕೊಳ್ಳುವ ಬಾಗಿಲುಗಳಿಗೆ ರಾತ್ರಿ ಬೀಗ ಹಾಕುತ್ತಿದ್ದರು, ಮಕ್ಕಳು ಓಡಿಹೋಗುತ್ತಾರೆ ಅಂತ. ಕೆಲವು ಕಡೆ ಮೆಟ್ಟಿಲ ಬದಲು ಕಿಟಕಿಯ ಹೊರಗೊಂದು ಕಂಬ. ಅದನ್ನು ತಬ್ಬಿ ಜಾರಬೇಕು. ಆರು ವರ್ಷದ ಮಗು, ಚಳಿಗಾಲದ ರಾತ್ರಿ, ಮೂರನೇ ಮಹಡಿ.

ಓಡಿಹೋದವರ ಕಥೆಯೂ ಇದೆ. 1937ರ ಹೊಸವರ್ಷದ ದಿನ ಲಿಜ್ಯಾಕ್ ಶಾಲೆಯಿಂದ ಮನೆಗೆ ಹೊರಟ ನಾಲ್ವರು ಹುಡುಗರು ಫ್ರೇಸರ್ ಸರೋವರದ ಮಂಜಿನ ಮೇಲೆ ಹೆಪ್ಪುಗಟ್ಟಿ ಸತ್ತರು. 1966ರ ಅಕ್ಟೋಬರಿನಲ್ಲಿ 12 ವರ್ಷದ ಚಾನಿ ವೆನ್ಜಾಕ್, ಕೆನೋರಾದಿಂದ 600 ಕಿ.ಮೀ. ದೂರದ ಮನೆಗೆ ರೈಲುಹಳಿ ಹಿಡಿದು ನಡೆಯುತ್ತಾ ದಾರಿಯಲ್ಲೇ ಸತ್ತ.

#11 ಅಂಕಿಸಂಖ್ಯೆ

ಮೂರನೇ ವಾಕ್ಯ: ‘ಶೇ. 24 ಮಕ್ಕಳು ಸತ್ತರು’. ಇದು ಎಲ್ಲ ಕಡೆ ಅಡ್ಡಾಡುವ ತಪ್ಪು. 1907ರಲ್ಲಿ ಇಂಡಿಯನ್ ಇಲಾಖೆಯ ಮುಖ್ಯ ವೈದ್ಯಾಧಿಕಾರಿ ಪೀಟರ್ ಬ್ರೈಸ್ ಪ್ರೇರಿ ಭಾಗದ 35 ಶಾಲೆಗಳನ್ನು ಪರಿಶೀಲಿಸಿ ಪ್ರಶ್ನಾವಳಿ ಕಳಿಸಿದ. ಉತ್ತರ ಬಂದದ್ದು 15ರಿಂದ. ಆ 15 ಶಾಲೆಗಳು ತೆರೆದಾಗಿನಿಂದ ಸೇರಿದ್ದ 1,537 ಮಕ್ಕಳಲ್ಲಿ ಸುಮಾರು ಶೇ. 24 ಮಂದಿ ಸತ್ತಿದ್ದರು. ಶಾಲೆಯೊಳಗೆ ಸತ್ತವರೂ ಮನೆಗೆ ಹೋಗಿ ಸತ್ತವರೂ ಇದರಲ್ಲಿ ಸೇರಿದ್ದಾರೆ. ಲೆಕ್ಕ ಪಕ್ಕಾ ಇಟ್ಟಿದ್ದ ಫೈಲ್ ಹಿಲ್ಸ್ ಶಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳಲ್ಲಿ ಶೇ. 69 ಮಂದಿ ಬದುಕಿರಲಿಲ್ಲ. ಒಂದು ಪ್ರದೇಶದ, ಒಂದು ಕಾಲದ ಸಂಖ್ಯೆಯನ್ನು 1.5 ಲಕ್ಷಕ್ಕೆ ಗುಣಿಸಿ 36,000 ಸಾವು ಅಂತ ಬರೆಯೋದು ಅಕ್ಷಮ್ಯ.

ಬ್ರೈಸ್ ಹೇಳಿದ ಕಾರಣ ಸರಳ: ಗಾಳಿಯಾಡದ ಡಾರ್ಮಿಟರಿ, ಒತ್ತೊತ್ತಾಗಿ ಹಾಸಿಗೆ, ಕ್ಷಯ ಇದ್ದವರು-ಇಲ್ಲದವರು ಒಟ್ಟಿಗೆ. ಮದ್ದು ಆಗ ಇರಲಿಲ್ಲ ನಿಜ. ಕಿಟಕಿ ಇತ್ತು, ಹಾಸಿಗೆ ದೂರ ಇಡುವ ಬುದ್ಧಿ ಇತ್ತು. ಅವನ ಸಲಹೆಗಳನ್ನು ಇಲಾಖೆ ಬದಿಗೆ ಸರಿಸಿತು. ನಿವೃತ್ತನಾದ ಮೇಲೆ 1922ರಲ್ಲಿ ಬ್ರೈಸ್ ಸ್ವತಃ ಕಿರುಹೊತ್ತಗೆ ಅಚ್ಚು ಹಾಕಿಸಿ ವಿಷಯ ಬಯಲಿಗಿಟ್ಟ.

ಇನ್ನು ಒಟ್ಟು ಸಾವು. ವಿನ್ನಿಪೆಗ್‌ನ ರಾಷ್ಟ್ರೀಯ ಸತ್ಯ ಮತ್ತು ಸಮನ್ವಯ ಕೇಂದ್ರದ ಸ್ಮರಣಪಟ್ಟಿಯಲ್ಲಿ 4,100ಕ್ಕೂ ಹೆಚ್ಚು ಹೆಸರುಗಳಿವೆ. ಇದು ಕೆಳಮಿತಿ. ಈ ಶಾಲೆಗಳ ಇತಿಹಾಸ ತನಿಖೆ ಮಾಡಿದ ಸತ್ಯ ಮತ್ತು ಸಮನ್ವಯ ಆಯೋಗ 2015ರ ವರದಿಯಲ್ಲಿ ದೃಢಪಡಿಸಿದ ಸುಮಾರು 3,200 ಸಾವುಗಳಲ್ಲಿ ಶೇ. 32ಕ್ಕೆ ಮಗುವಿನ ಹೆಸರೇ ದಾಖಲಾಗಿಲ್ಲ, ಶೇ. 49ಕ್ಕೆ ಸಾವಿನ ಕಾರಣ ಇಲ್ಲ. ಹೆಣ್ಣೋ ಗಂಡೋ ಅಂತಲೂ ಬರೆಯದ ಸಾವುಗಳು ಸುಮಾರು ನಾಲ್ಕನೇ ಒಂದು ಪಾಲು.

#12 ಕಡತದಹುಳು

ಹೆಸರೇ ಇಲ್ಲ ಅಂದರೆ ಹೇಗೆ? ತಲೆಗೆ ದುಡ್ಡು ಕೊಡುವ ಇಲಾಖೆ ತಲೆ ಎಣಿಸಿರಲೇಬೇಕಲ್ಲ.

#13 ಮೈಕ್ರೋಫಿಲ್ಮ್ ಮಂಜ

ಎಣಿಸಿತ್ತು. ಆಮೇಲೆ ಕಾಗದ ಸುಟ್ಟಿತು. 1933ರ ನೀತಿಯಂತೆ ಶಾಲಾ ತ್ರೈಮಾಸಿಕ ಪಟ್ಟಿಗಳನ್ನು 5 ವರ್ಷಕ್ಕೆ, ಅಪಘಾತ ವರದಿಗಳನ್ನು 10 ವರ್ಷಕ್ಕೆ ನಾಶ ಮಾಡಬಹುದಿತ್ತು. 15 ಟನ್ ಕಾಗದ ಹಾಗೆ ಹೋಯಿತು. 1936–44ರ ನಡುವೆ ಇಲಾಖೆಯ 2 ಲಕ್ಷ ಕಡತಗಳು ನಾಶವಾದವು.

ಉಳಿದದ್ದರಲ್ಲಿ ಹುಡುಕುವ ಕ್ರಮ ಹೀಗೆ. ಮೊದಲು ಶಾಲೆಯ ಎಲ್ಲ ಹೆಸರುಗಳನ್ನು ಪಟ್ಟಿ ಮಾಡಿ. ಲೆಬ್ರೆ, ಕ್ವಾಪೆಲ್, ಸೇಂಟ್ ಪಾಲ್ಸ್ ಅಂತ ಒಂದೇ ಶಾಲೆಗೆ ಮೂರು ಹೆಸರು. ಒಂದರಲ್ಲಿ ಹುಡುಕಿ ‘ಸಿಗಲಿಲ್ಲ’ ಅಂದವರು ಬಹಳ. ಆಮೇಲೆ ವಿನ್ನಿಪೆಗ್ ಕೇಂದ್ರದ ಜಾಲತಾಣದಲ್ಲಿ ಆ ಶಾಲೆಯ ಪುಟ. ನಂತರ ರಾಷ್ಟ್ರೀಯ ದಾಖಲೆ ಭಂಡಾರವಾದ ಲೈಬ್ರರಿ ಅಂಡ್ ಆರ್ಕೈವ್ಸ್ ಕೆನಡಾದ ಆರ್‌ಜಿ 10 (ಇಂಡಿಯನ್ ಇಲಾಖೆಯ ಕಡತಗಳು) ಸಂಗ್ರಹದ ‘ಸ್ಕೂಲ್ ಫೈಲ್ಸ್’ ಸರಣಿ. ಅದರ ಮೈಕ್ರೋಫಿಲ್ಮ್ ರೀಲುಗಳು ‘ಹೆರಿಟಾಜ್’ ತಾಣದಲ್ಲಿ ಪುಟಪುಟವಾಗಿ ಸಿಗುತ್ತವೆ, ಆದರೆ ಎಲ್ಲವನ್ನೂ ಪದ ಹಾಕಿ ಹುಡುಕಬಹುದು ಅಂತ ನಂಬಬೇಡಿ, ರೀಲು ತಿರುಗಿಸಿದಂತೆ ಪುಟ ತಿರುಗಿಸುತ್ತಾ ಕೂರಬೇಕಾಗಬಹುದು. ಇಲಾಖೆಯ 1864–1990ರ ವಾರ್ಷಿಕ ವರದಿಗಳಲ್ಲಿ ಶಾಲೆವಾರು ದಾಖಲಾತಿ, ಸರಾಸರಿ ಹಾಜರಿ ಇದೆ.

ನಿಜವಾದ ಸುಳಿವು ಇರೋದು ಎರಡು ತ್ರೈಮಾಸಿಕ ಪಟ್ಟಿಗಳ ನಡುವಿನ ಖಾಲಿ ಜಾಗದಲ್ಲಿ. ಮಾರ್ಚಿನಲ್ಲಿ 41ನೇ ನಂಬರಿನ ಹುಡುಗಿ ಇದ್ದಾಳೆ, ಜೂನಿನಲ್ಲಿ ಆ ನಂಬರು ಇನ್ನೊಬ್ಬಳಿಗೆ ಹೋಗಿದೆ ಅಂತಿಟ್ಟುಕೊಳ್ಳಿ. ಆಗ ಬಿಡುಗಡೆ ಪತ್ರ ನೋಡಬೇಕು. ‘ಅನಾರೋಗ್ಯ, ಮನೆಗೆ’ ಅಂತಿದ್ದರೆ ಪ್ರಾಂತ್ಯದ ಮರಣ ನೋಂದಣಿ, ಚರ್ಚಿನ ಸಮಾಧಿ ರಿಜಿಸ್ಟರು, ಹತ್ತಿರದ ಕ್ಷಯರೋಗ ಆಸ್ಪತ್ರೆ. ಸಾಯುವ ಮಗುವನ್ನು ಮನೆಗೆ ಕಳಿಸಿದರೆ ಶಾಲೆಯ ಲೆಕ್ಕದಲ್ಲಿ ಸಾವು ಇರುವುದಿಲ್ಲ. #11ರಲ್ಲಿ ಬಂದ ಬ್ರೈಸ್‌ನ ಶೇ. 24 ಮತ್ತು ಸ್ಮರಣಪಟ್ಟಿಯ 4,100 ತಾಳೆಯಾಗದಿರಲು ಇದೂ ಒಂದು ಕಾರಣ.

ಎಡವಟ್ಟಾಗುವ ಜಾಗ: ದೀಕ್ಷಾಸ್ನಾನದಲ್ಲಿ ಇಟ್ಟ ಫ್ರೆಂಚ್ ಹೆಸರು, ಏಜೆಂಟನ ಪಟ್ಟಿಯ ಇಂಗ್ಲಿಷ್ ಹೆಸರು, ಮನೆಯ ಹೆಸರು ಮೂರೂ ಬೇರೆ. ಕ್ರೀ ಭಾಷೆಯ ಒಂದೇ ಹೆಸರನ್ನು ಒಬ್ಬೊಬ್ಬ ಸನ್ಯಾಸಿನಿ ಒಂದೊಂದು ರೀತಿ ಬರೆದಿರುತ್ತಾಳೆ. ಅಕ್ಷರ ನೋಡಬೇಡಿ, ಬಾಯಲ್ಲಿ ಹೇಳಿ ನೋಡಿ. ಇಬ್ಬರು ಅನ್ನಿಸಿದವರು ಒಬ್ಬಳೇ ಆಗಿರುತ್ತಾಳೆ.

ಸತ್ತ ಮಕ್ಕಳ ದೇಹ ಊರಿಗೆ ಬರದಿದ್ದಕ್ಕೂ ಕಾಗದವಿದೆ. 1958ರ ಸೂಚನೆಯಂತೆ, ಸಾಗಿಸುವ ಖರ್ಚು ಅಲ್ಲೇ ಹೂಳುವ ಖರ್ಚಿಗಿಂತ ಕಡಿಮೆಯಿದ್ದರೆ ಮಾತ್ರ ದೇಹವನ್ನು ಮನೆಗೆ ಕಳಿಸಬೇಕು.

#14 ಭೂಪದರ

ನಾಲ್ಕನೇ ವಾಕ್ಯ. ಅಸ್ಥಿಪಂಜರ ದೊರೆತಿಲ್ಲ, ಅಗೆದೇ ಇಲ್ಲ. ಕ್ಯಾಮ್‌ಲೂಪ್ಸ್‌ನ ಮೂಲನಿವಾಸಿ ಸಮುದಾಯದ 2021ರ ಮೇ 27ರ ಪ್ರಕಟಣೆಯಲ್ಲೇ ‘215 ಮಕ್ಕಳ ಅವಶೇಷ’ ಎಂಬ ಮಾತಿತ್ತು, ಸುದ್ದಿ ಹಾಗೇ ಹಬ್ಬಿತು. ಜುಲೈನಲ್ಲಿ ಸಮೀಕ್ಷೆ ಮಾಡಿದ ತಜ್ಞೆ ಸಾರಾ ಬೋಲಿಯು, ಹಿಂದೆ ಅಗೆದಿದ್ದ ಜಾಗಗಳನ್ನು ಕಳೆದು ಸುಮಾರು 200 ‘ಸಂಭಾವ್ಯ’ ಸಮಾಧಿ ಅಂದರು. ಈಚೆಗೆ ಆ ಸಮುದಾಯವೇ ಬಳಸುವ ಪದ ‘ಅಸಂಗತಿಗಳು’.

ಆ ಸಮೀಕ್ಷೆಗೆ ಬಳಸಿದ ನೆಲಭೇದಿ ರೇಡಾರ್ ಎಲುಬನ್ನು ತೋರಿಸುವುದಿಲ್ಲ. ತಳ್ಳುಗಾಡಿಯಂಥದ್ದರಲ್ಲಿ ಆಂಟೆನಾ, ಸಾಮಾನ್ಯವಾಗಿ 250ರಿಂದ 500 ಮೆಗಾಹರ್ಟ್ಸ್. ಒಮ್ಮೆ ಅಗೆದು ಮುಚ್ಚಿದ ಮಣ್ಣು ಸುತ್ತಲಿನ ಮಣ್ಣಿನಂತೆ ಮತ್ತೆ ಕೂರುವುದಿಲ್ಲ. ಆ ಗುಂಡಿಯ ಅಂಚು ತೆರೆಯ ಮೇಲೆ ಪದರ ಕಡಿದಂತೆ ಕಾಣುತ್ತದೆ. ಕಲ್ಲು, ಬೇರು, ಹಳೆ ಚರಂಡಿ ಪೈಪು ಕೂಡ ಕಮಾನಿನಂಥ ಗುರುತು ಕೊಡುತ್ತವೆ. ಮೊದಲು ಹಳೆ ನಕ್ಷೆ, ವೈಮಾನಿಕ ಚಿತ್ರ, ಬದುಕುಳಿದವರ ನೆನಪು ಇವನ್ನಿಟ್ಟು ಜಾಗ ಗೊತ್ತುಮಾಡಬೇಕು. ಪೊದೆ ಸವರಿ, ದಾರ ಕಟ್ಟಿ, 25 ಸೆಂ.ಮೀ. ಅಂತರದ ಸಾಲುಗಳಲ್ಲಿ ಗಾಡಿ ತಳ್ಳಬೇಕು. ಸಮಯ ಉಳಿಸಲು ಒಂದು ಮೀಟರ್ ಅಂತರ ಇಟ್ಟರೆ ಮಗುವಿನ ಗುಂಡಿ ಎರಡು ಸಾಲಿನ ನಡುವೆಯೇ ತಪ್ಪಿಹೋಗುತ್ತದೆ. ಮರಳು ಮಣ್ಣಾದರೆ ಅಲೆ ಆಳಕ್ಕಿಳಿಯುತ್ತದೆ. ಒದ್ದೆ ಜೇಡಿಯಾದರೆ ಮೇಲೆಯೇ ಸಾಯುತ್ತದೆ. ಕೊನೆಗೆ ಪ್ರತಿ ಗುರುತಿಗೂ ‘ಹೆಚ್ಚು ಸಂಭವ, ಕಡಿಮೆ ಸಂಭವ’ ಅಂತ ದರ್ಜೆ. ಅಗೆಯಬೇಕೋ ಬೇಡವೋ ಅನ್ನೋದು ಸಮುದಾಯದ ತೀರ್ಮಾನ.

ಫಲಿತಾಂಶ ಎರಡೂ ಕಡೆ ಹೋಗಿದೆ. ಮ್ಯಾನಿಟೋಬಾದ ಪೈನ್ ಕ್ರೀಕ್‌ನಲ್ಲಿ 2023ರಲ್ಲಿ ಚರ್ಚಿನ ನೆಲಮಾಳಿಗೆಯ 14 ಗುರುತುಗಳನ್ನು ಅಗೆದಾಗ ಮಾನವ ಅವಶೇಷ ಸಿಗಲಿಲ್ಲ. ಅದೇ ವರ್ಷ ಜನವರಿಯಲ್ಲಿ ಲೆಬ್ರೆ ಶಾಲೆಯ ಜಾಗದಲ್ಲಿ ಮಗುವಿನ ದವಡೆಯ ಚೂರು ಸಿಕ್ಕ ವಿಷಯ ಪ್ರಕಟವಾಯಿತು, ಸುಮಾರು 125 ವರ್ಷ ಹಳೆಯದು. ಮರೀವಾಲ್‌ನ 751 ಗುರುತಿಲ್ಲದ ಸಮಾಧಿಗಳದ್ದು ಬೇರೆ ಕಥೆ: ಅದು ಗೊತ್ತಿದ್ದ ಸ್ಮಶಾನವೇ, ಸಮಾಧಿಯ ಗುರುತುಗಳನ್ನು 1960ರ ದಶಕದಲ್ಲಿ ಕಿತ್ತುಹಾಕಲಾಗಿತ್ತು, ದೊಡ್ಡವರ ಸಮಾಧಿಗಳೂ ಅದರಲ್ಲಿವೆ. ಈ ಮೂರನ್ನು ಕಲಸಿ ‘ಸಾಮೂಹಿಕ ಸಮಾಧಿ’ ಅಂತ ಬರೆಯಬೇಡಿ. ಹಾಗೆ ಬರೆದು, ಆಮೇಲೆ ಅದು ಸುಳ್ಳಾದಾಗ, ಕಾಗದದಲ್ಲಿ ದೃಢಪಟ್ಟ ಸಾವಿರಾರು ಸಾವುಗಳನ್ನೂ ಸುಳ್ಳು ಅನ್ನುವವರಿಗೆ ಕೋಲು ಕೊಟ್ಟಂತಾಗಿದೆ.

#15 ಪದಜಿಜ್ಞಾಸು

ಎರಡನೇ ವಾಕ್ಯವನ್ನು ಯಾರೂ ಮುಟ್ಟಲಿಲ್ಲ. ಆ ಮಾತು ಸ್ಕಾಟ್‌ನದು ಎನ್ನಲು ಆಧಾರವಿಲ್ಲ. ಅಮೆರಿಕದ ಕಾರ್ಲೈಲ್ ಶಾಲೆ ಕಟ್ಟಿದ ರಿಚರ್ಡ್ ಹೆನ್ರಿ ಪ್ರ್ಯಾಟ್ 1892ರ ಭಾಷಣದಲ್ಲಿ ಅವನೊಳಗಿನ ಇಂಡಿಯನ್ನನನ್ನು ಕೊಂದು ಮನುಷ್ಯನನ್ನು ಉಳಿಸಿ ಎಂಬರ್ಥದ ಮಾತಾಡಿದ್ದ. ‘ಮಗುವಿನೊಳಗಿನ’ ಎಂಬ ರೂಪವನ್ನು 2008ರ ಜೂನ್ 11ರ ಕ್ಷಮಾಪಣೆಯಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಬಳಸಿದರು, ಯಾರ ಹೆಸರೂ ಹೇಳದೆ. ಸ್ಕಾಟ್ 1920ರಲ್ಲಿ ಸಂಸದೀಯ ಸಮಿತಿಯ ಮುಂದೆ ಹೇಳಿದ್ದು ಇದಕ್ಕಿಂತ ತಣ್ಣಗಿದೆ: ಇಂಡಿಯನ್ ಸಮಸ್ಯೆಯನ್ನೇ ಇಲ್ಲವಾಗಿಸಬೇಕು, ಮುಖ್ಯಸಮಾಜದಲ್ಲಿ ಕರಗದ ಒಬ್ಬನೂ ಉಳಿಯದಂತೆ, ಇಂಡಿಯನ್ ಇಲಾಖೆಯೂ ಬೇಕಾಗದಂತೆ. ಗುಮಾಸ್ತನ ಭಾಷೆ. ನನ್ನನ್ನು ಕೇಳಿದರೆ ಘೋಷಣೆಗಿಂತ ಇದೇ ಭಯಂಕರ.

#16 ಆಡಿಟ್ ಅನಂತು

ಪರಿಹಾರದ ವಿಭಾಗಕ್ಕೆ: 2006ರ ಒಪ್ಪಂದ, ಜಾರಿ 2007ರ ಸೆಪ್ಟೆಂಬರ್ 19. ಶಾಲೆಯಲ್ಲಿದ್ದವರೆಲ್ಲರಿಗೂ ಮೊದಲ ವರ್ಷಕ್ಕೆ 10,000 ಡಾಲರ್, ನಂತರದ ಪ್ರತಿ ವರ್ಷಕ್ಕೆ 3,000. ಅಂದರೆ ಎಂಟು ವರ್ಷ ಇದ್ದವರಿಗೆ 31,000. ದೌರ್ಜನ್ಯಕ್ಕೆ ಬೇರೆ ವಿಚಾರಣೆ, ಅದರಲ್ಲಿ ಒಟ್ಟು 300 ಕೋಟಿ ಡಾಲರ್ ಮೀರಿ ಪಾವತಿಯಾಯಿತು. ಬಹಳ ಜನರ ಅರ್ಜಿ ಬಿದ್ದದ್ದು ಹಾಜರಿ ಸಾಬೀತು ಮಾಡುವಲ್ಲಿ: ಮಂಜ ಹೇಳಿದ ಆ 15 ಟನ್ ಕಾಗದ ಇಲ್ಲಿ ಕೈಕೊಟ್ಟಿತು.

ಕ್ಯಾಥೊಲಿಕ್ ಸಂಸ್ಥೆಗಳು ‘ಕೈಲಾದಷ್ಟು ಪ್ರಯತ್ನಿಸಿ’ 2.5 ಕೋಟಿ ಡಾಲರ್ ದೇಣಿಗೆ ಎತ್ತುವುದಾಗಿ ಒಪ್ಪಿದ್ದವು. ಎತ್ತಿದ್ದು 40 ಲಕ್ಷಕ್ಕೂ ಕಡಿಮೆ. 2015ರಲ್ಲಿ ನ್ಯಾಯಾಲಯ ಆ ಹೊಣೆಯಿಂದ ಬಿಡುಗಡೆಯನ್ನೂ ಕೊಟ್ಟಿತು. ಕ್ಯಾಮ್‌ಲೂಪ್ಸ್ ಸುದ್ದಿಯ ನಂತರ 2021ರಲ್ಲಿ ಬಿಷಪ್ಪರು ಹೊಸದಾಗಿ 3 ಕೋಟಿ ಘೋಷಿಸಿದರು.

ದೌರ್ಜನ್ಯ ವಿಚಾರಣೆಯ ಕಡತಗಳಿಗೆ ಗಡುವಿದೆ. 2017ರ ಸುಪ್ರೀಂ ಕೋರ್ಟ್ ತೀರ್ಪಿನಂತೆ, ಅರ್ಜಿದಾರರು ‘ಉಳಿಸಿ’ ಅಂತ ಹೇಳದಿದ್ದರೆ 2027ರ ಸೆಪ್ಟೆಂಬರ್ 19ಕ್ಕೆ ನಾಶ. ಅವರ ಗೋಪ್ಯತೆಗಾಗಿಯೇ ಈ ಏರ್ಪಾಡು.

#17 ಕಾಕನಕೋಟೆ

ನಮ್ಮ ಹೆಗ್ಗಡದೇವನಕೋಟೆ, ಚಾಮರಾಜನಗರ ಕಡೆಯ ಆಶ್ರಮ ಶಾಲೆಗಳೂ ಇದೇ ತಾನೆ? ಜೇನು ಕುರುಬ, ಸೋಲಿಗ ಮಕ್ಕಳು ಹಾಡಿ ಬಿಟ್ಟು ಹಾಸ್ಟೆಲಿನಲ್ಲಿ, ಮನೆಯ ನುಡಿ ಬಿಟ್ಟು ಕನ್ನಡದಲ್ಲಿ. ಲೇಖನದಲ್ಲಿ ಹೋಲಿಕೆ ಹಾಕಬಹುದಲ್ಲ?

#18 ಗ್ರ್ಯಾಂಡ್‌ರಿವರ್

‘ಇದೇ’ ಅಲ್ಲ. ಇಲ್ಲಿ ಮಗುವನ್ನು ಎಳೆದೊಯ್ಯುವ ಕಾಯ್ದೆಯಿಲ್ಲ, ಪಾಸ್ ಇಲ್ಲ, ರಜೆಗೆ ಮನೆಗೆ ಬರಬಹುದು, ಬಿಡಿಸಿಕೊಳ್ಳಲೂಬಹುದು. ಕೇಳಬೇಕಾದ ಪ್ರಶ್ನೆ ಇದೆ: ಪಾಠದಲ್ಲಿ ಮನೆಮಾತಿಗೆ ಜಾಗ ಎಷ್ಟು, ಹಾಡಿಯ ಹತ್ತಿರವೇ ಶಾಲೆ ಯಾಕಿಲ್ಲ, ಮೇಷ್ಟ್ರಲ್ಲಿ ಆ ಸಮುದಾಯದವರೆಷ್ಟು. ಅದಕ್ಕೆ ಇಲ್ಲಿನ ಕಡತ, ಇಲ್ಲಿನ ಅಂಕಿ ಬೇಕು. ಕೆನಡಾದ ಲೇಖನದಲ್ಲಿ ಒಂದು ಸಾಲಾಗಿ ಸೇರಿಸಿದರೆ ಎರಡಕ್ಕೂ ಅನ್ಯಾಯ. ಬೇರೆ ಎಳೆ ತೆರೆಯಿರಿ, ಬರುತ್ತೇವೆ.

#19 ಕಡತದಹುಳು

ಸರಿ, ತಿದ್ದಿದ ಪ್ಯಾರಾ:

“ರೆಸಿಡೆನ್ಶಿಯಲ್ ಸ್ಕೂಲ್ ಎಂದರೆ ಕೆನಡಾ ಸರ್ಕಾರದ ಹಣದಲ್ಲಿ, ಬಹುತೇಕ ಚರ್ಚುಗಳ ಆಡಳಿತದಲ್ಲಿ ನಡೆದ, ಮೂಲನಿವಾಸಿ ಮಕ್ಕಳನ್ನು ಮನೆ ಹಾಗೂ ಭಾಷೆಯಿಂದ ಬೇರ್ಪಡಿಸಿ ಇರಿಸಿದ ಶಾಲೆ. ಮೊದಲನೆಯದು 1831ರಷ್ಟು ಹಳೆಯದು; ಸರ್ಕಾರಿ ವ್ಯವಸ್ಥೆಯಾಗಿ ಬೆಳೆದದ್ದು 1883ರಿಂದ. 1920ರಲ್ಲಿ ಶಾಲಾ ಹಾಜರಿ ಕಡ್ಡಾಯವಾಯಿತು. ಒಟ್ಟು ಸುಮಾರು 1.5 ಲಕ್ಷ ಮಕ್ಕಳು ಇವುಗಳಲ್ಲಿದ್ದರು. 4,100ಕ್ಕೂ ಹೆಚ್ಚು ಸಾವುಗಳು ದಾಖಲಾಗಿವೆ, ನಿಜಸಂಖ್ಯೆ ಇನ್ನೂ ಹೆಚ್ಚು. ಪರಿಹಾರ ಒಪ್ಪಂದ 139 ಶಾಲೆಗಳನ್ನು ಗುರುತಿಸಿತು. ಕೊನೆಯದು, ಸಸ್ಕ್ಯಾಚೆವಾನ್‌ನ ಗಾರ್ಡನ್ಸ್, 1996ರಲ್ಲಿ ಮುಚ್ಚಿತು.”

#20 ಮೈಕ್ರೋಫಿಲ್ಮ್ ಮಂಜ

ಕೊನೆಯ ಎರಡು ವಾಕ್ಯ ಇನ್ನೂ ತಿದ್ದಬೇಕು. ರ‍್ಯಾಂಕಿನ್ ಇನ್ಲೆಟ್‌ನ ಕಿವಾಲಿಕ್ ಹಾಲ್ ಎಂಬ ಶಾಲೆ 1985ರಿಂದ 1997ರವರೆಗೆ ನಡೆಯಿತು. ಮೂಲ ಪಟ್ಟಿಯಲ್ಲಿ ಇರಲಿಲ್ಲ. ನ್ಯಾಯಾಲಯದ ಆದೇಶದಿಂದ 2019ರಲ್ಲಿ ಸೇರಿತು. ಆದ್ದರಿಂದ 140, ಮತ್ತು 1997. ನ್ಯೂಫೌಂಡ್‌ಲ್ಯಾಂಡ್-ಲ್ಯಾಬ್ರಡಾರ್‌ನ ಶಾಲೆಗಳು ಈ 140ರಲ್ಲೂ ಇಲ್ಲ. ಅವಕ್ಕೆ ಒಪ್ಪಂದ ಆದದ್ದು 2016ರಲ್ಲಿ, ಪ್ರಧಾನಿಯ ಕ್ಷಮಾಪಣೆ 2017ರ ನವೆಂಬರಿನಲ್ಲಿ. ಡೇ ಸ್ಕೂಲುಗಳದ್ದು ಬೇರೆ ಪಟ್ಟಿ, ಬೇರೆ ಒಪ್ಪಂದ. ‘ಗುರುತಿಸಿತು’ ಎಂಬ ಕ್ರಿಯಾಪದ ಮಾತ್ರ ಹಾಗೇ ಇರಲಿ, ಅದು ಸರಿಯಾಗಿದೆ.